ತುಟಿಯಚ್ಚಿನಲ್ಲಿ ಮುಖ ಹುಡುಕಬೇಡಿ

ದಂತವೈದ್ಯಕೀಯ ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗಳ ಕೊನೆಯ ಪುಟದಲ್ಲಿ ಈ ಮಾತು ಕಣ್ಣಿಗೆ ಬೀಳುತ್ತಲೇ ಇರುತ್ತದೆ: ‘ತುಟಿಯಚ್ಚು ನೋಡಿ ಮುಖದ ಬೆಳವಣಿಗೆಯ ರೀತಿ ಹೇಳಬಹುದು, ಆದ್ದರಿಂದ ಅಪರಾಧ ತನಿಖೆಗೆ ಉಪಯುಕ್ತ.’ ಮೊದಲರ್ಧವೇ ಅನುಮಾನ. ಆ ‘ಆದ್ದರಿಂದ’ ಎಲ್ಲಿಂದ ಬಂತೋ!

ತುಟಿಯ ಗೆರೆಗಳನ್ನು ಮಾದರಿಗಳಾಗಿ ವಿಂಗಡಿಸುವ ಸುಜುಕಿ–ತ್ಸುಚಿಹಾಶಿ ವರ್ಗೀಕರಣ ನಿಮಗೆ ಬಾಯಿಪಾಠ. ಸೆಫಲೋಗ್ರಾಂನಲ್ಲಿ, ಅಂದರೆ ತಲೆಯ ಪಕ್ಕದ ಎಕ್ಸ್‌ರೇಯಲ್ಲಿ, ಎಸ್‌ಎನ್–ಗೋಜಿಎನ್ ಕೋನ (ತಲೆಬುರುಡೆಯ ತಳಕ್ಕೂ ಕೆಳದವಡೆಗೂ ನಡುವಿನ ಓರೆ) 32 ಡಿಗ್ರಿಗಿಂತ ಸಾಕಷ್ಟು ಹೆಚ್ಚಿದ್ದರೆ ಉದ್ದ ಬೆಳವಣಿಗೆ, ಕಡಿಮೆಯಿದ್ದರೆ ಅಡ್ಡ ಬೆಳವಣಿಗೆ ಎನ್ನುವುದೂ ಗೊತ್ತು. ಎಡವುವುದು ಲೆಕ್ಕದಲ್ಲಿ.

ಒಂದು ಊಹೆಯ ಲೆಕ್ಕ ಹಾಕೋಣ. ಉದ್ದ ಮುಖದ 100 ಜನರಲ್ಲಿ 50 ಮಂದಿಗೆ, ಅಡ್ಡ ಮುಖದ 100 ಜನರಲ್ಲಿ 30 ಮಂದಿಗೆ ಒಂದನೇ ಮಾದರಿಯ ನೇರ ಗೆರೆಗಳಿವೆ ಎನ್ನಿ. ಪಿ ಬೆಲೆ (ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ) ಬೇಕಾದಷ್ಟು ಚಿಕ್ಕದಾಗಿ ಬರುತ್ತದೆ, ಗೈಡ್‌ಗೂ ಖುಷಿ. ಈಗ ಊರಿಗೆ ಬನ್ನಿ. 1000 ಜನರಲ್ಲಿ ಉದ್ದ ಮುಖದವರು 200, ಉಳಿದ 800 ಅಡ್ಡ ಮುಖದವರು. ನೇರ ಗೆರೆಯವರು ಕ್ರಮವಾಗಿ 100 ಮತ್ತು 240, ಒಟ್ಟು 340. ಅಪರಾಧ ನಡೆದಲ್ಲಿ ಸಿಕ್ಕ ಲೋಟದ ಮೇಲಿನ ನೇರ ಗೆರೆ ನೋಡಿ ‘ಉದ್ದ ಮುಖದವನು’ ಎಂದು ಬರೆದರೆ ಹತ್ತರಲ್ಲಿ ಏಳು ಸಲ ತಪ್ಪು. ಗುಂಪುಗಳ ನಡುವೆ ವ್ಯತ್ಯಾಸ ಇರುವುದು ಬೇರೆ, ಒಬ್ಬನನ್ನು ಗುರುತಿಸುವುದು ಬೇರೆ.

ಆ ವ್ಯತ್ಯಾಸವೂ ಅಚ್ಚು ತೆಗೆಯುವಾಗಲೇ ಹುಟ್ಟಿರಬಹುದು. ಉದ್ದ ಮುಖದವರಲ್ಲಿ ಅನೇಕರಿಗೆ ತುಟಿ ತಾನಾಗಿ ಕೂಡುವುದಿಲ್ಲ. ‘ಬಾಯಿ ಮುಚ್ಚಿ’ ಎಂದರೆ ಗದ್ದದ ಸ್ನಾಯು ಬಿಗಿದು ಮುಚ್ಚುತ್ತಾರೆ, ಗದ್ದದ ಚರ್ಮ ಗುಳಿಗುಳಿಯಾಗುತ್ತದೆ. ಹಾಗೆ ಬಿಗಿದ ತುಟಿಯ ಗೆರೆ ಸಡಿಲ ತುಟಿಯದರಂತೆ ಮೂಡೀತೆಂದು ನಂಬಬೇಡಿ. ತುಟಿ ಒರೆಸಿ, ಹೊಳಪಿಲ್ಲದ ಗಾಢ ಲಿಪ್‌ಸ್ಟಿಕ್ ತೆಳ್ಳಗೆ ಹಚ್ಚಿ, ಎರಡು ನಿಮಿಷ ಬಿಡಿ. ಸೆಲ್ಲೋಟೇಪನ್ನು ನಡುವಿನಿಂದ ಬಾಯಿಕೊನೆಯತ್ತ ಒತ್ತಿ, ಎಳೆಯದೆ ಬಿಡಿಸಿ ಬಿಳಿ ಹಾಳೆಗೆ ಅಂಟಿಸಿ. ಹೆಚ್ಚು ಒತ್ತಿದರೆ ಸಣ್ಣ ಕವಲುಗಳು ಕಲಸಿಹೋಗುತ್ತವೆ. ಬೇರೆ ದಿನ ಮತ್ತೊಮ್ಮೆ ತೆಗೆದು, ಯಾರ ಅಚ್ಚೆಂದು ಗೊತ್ತಿಲ್ಲದ ಇಬ್ಬರಿಂದ ಓದಿಸಿ. ಇಬ್ಬರ ಓದು ಕೂಡದಿದ್ದರೆ ಪಿ ಬೆಲೆ ಕಟ್ಟಿಕೊಂಡು ಏನು ಮಾಡುತ್ತೀರಿ?

ಗುರುತಿಸುವಿಕೆಗೂ ಇದು ಒಂಟಿಯಾಗಿ ಸಾಲದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಡಕ್ಟ್ ಟೇಪಿನ ಮೇಲಿನ ತುಟಿಯಚ್ಚಿನ ಸಾಕ್ಷ್ಯವನ್ನು 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತ್ತು. ಆಮೇಲೆ ಆ ಶಿಕ್ಷೆಯೇ ರದ್ದಾಯಿತು.

ಪೊಲೀಸರಿಗೂ ಒಂದು ಮಾತು: ಲೋಟದ ಅಂಚಿನಲ್ಲಿ ಅಚ್ಚು ಕಂಡರೆ ಅಚ್ಚು ಎದ್ದು ಕಾಣಲು ಬ್ರಷ್ಷಿನಿಂದ ಸವರುವ ಪುಡಿಗೆ ಕೈಹಾಕುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಅಲ್ಲೇ ಎಂಜಲಿನ ಡಿಎನ್‌ಎ ಇರಬಹುದು. ಹಿಂದಿನ ಕೇಸಿನಲ್ಲಿ ಬಳಸಿದ ಬ್ರಷ್ಷು ಬೇರೆಯವರ ಡಿಎನ್‌ಎಯನ್ನೂ ಹೊತ್ತು ತಂದೀತು.