ಕಡತದಿಂದ ತೆಗೆದ ಮಾತು ಎಲ್ಲಿಗೆ ಹೋಗುತ್ತದೆ?

ವಿಧಾನಸಭೆಯ ಕಲಾಪ ನೋಡುವವರಿಗೆ ಎರಡು ಮಾತು ಚೆನ್ನಾಗಿ ಗೊತ್ತು. "ಏಕವಚನದಲ್ಲಿ ಮಾತಾಡಬೇಡಿ" ಅನ್ನುವುದು ಒಂದು, "ಅದನ್ನು ಕಡತದಿಂದ ತೆಗೆಸಿ" ಅನ್ನುವುದು ಇನ್ನೊಂದು. ಕನ್ನಡದಲ್ಲಿ ಅವಮಾನ ಮಾಡಲು ಬೈಗುಳವೇ ಬೇಕಿಲ್ಲ. "ಕೂತ್ಕೊಳ್ರಿ" ಅನ್ನುವ ಕಡೆ "ಕೂತ್ಕೊಳೋ" ಅಂದರೆ ಸಾಕು, ಬರದ ಚರ್ಚೆಯೋ ಬಜೆಟ್ ಚರ್ಚೆಯೋ ಅಲ್ಲಿಗೇ ನಿಂತು ಎರಡೂ ಕಡೆಯವರು ಎದ್ದು ನಿಲ್ಲುತ್ತಾರೆ.

ಈ ಮರ್ಯಾದೆಯ ನಿಯಮಗಳು ಎಲ್ಲಿಂದ ಬಂದವು? ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಸೇರಿದವರು 144 ಜನ. ಅವರಿಗೆ ಯಾವುದನ್ನೂ ತಡೆಯುವ ಅಧಿಕಾರ ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೇ. ಕೈಮುಗಿದು ಕೇಳುವವರ ವಿನಯ ಅದು.

ಸ್ವತಂತ್ರ ಭಾರತದ ಸದನಗಳು ಇನ್ನೊಂದು ರೂಢಿಯನ್ನು ಬ್ರಿಟನ್ನಿನ ಸಂಸತ್ತಿನಿಂದ ತಂದುಕೊಂಡವು. ಇಲ್ಲಿ ಎದುರಿನವರ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ, ಏನೇ ಇದ್ದರೂ "ಅಧ್ಯಕ್ಷರೇ" ಅಂತ ಪೀಠಕ್ಕೇ ಹೇಳಬೇಕು. ಮಾತು ಬಿಟ್ಟ ಅಣ್ಣ ತಮ್ಮ ಅಮ್ಮನ ಮೂಲಕ ಮಾತಾಡುತ್ತಾರಲ್ಲ, ಹಾಗೆ. ಇದಕ್ಕೆ ಗಟ್ಟಿ ಕಾರಣವೂ ಇದೆ. ಸಂಸತ್ತಿನಲ್ಲಿ ಆಡಿದ ಮಾತಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ, ಶಾಸನಸಭೆಯಲ್ಲಿ ಆಡಿದ್ದಕ್ಕೆ 194ನೇ ವಿಧಿಯ ರಕ್ಷಣೆ ಇದೆ. ಅಲ್ಲಿ ಆಡಿದ ಮಾತಿಗೆ ಯಾರೂ ಮಾನನಷ್ಟ ಮೊಕದ್ದಮೆ ಹಾಕಲಾಗದು. ಅಷ್ಟು ದೊಡ್ಡ ಸ್ವಾತಂತ್ರ್ಯ ಕೊಟ್ಟ ಮೇಲೆ ನಾಲಿಗೆ ಕಾಯುವ ಕೆಲಸ ಸದನದ ಮೇಲೇ ಬಿತ್ತು.

ಆ ಸ್ವಾತಂತ್ರ್ಯವನ್ನು ಹೇಗೆ ಬಳಸಬಹುದು ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು 1963ರ ಆಗಸ್ಟ್. ನೆಹರೂ ಸರ್ಕಾರದ ಮೇಲೆ ಕೃಪಲಾನಿ ಮಂಡಿಸಿದ ಮೊದಲ ಅವಿಶ್ವಾಸ ನಿರ್ಣಯದ ಚರ್ಚೆ. ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಗೆ ಮಾತ್ರ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಅಂದರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ. ನೆಹರೂ ಒಪ್ಪಲಿಲ್ಲ, 15 ಆಣೆ ಅಂದರು. ಮಾತು ಸೌಮ್ಯವಾಗೇನೂ ಇರಲಿಲ್ಲ, ಪ್ರಧಾನಿಯ ಮುಖಕ್ಕೇ ಹೇಳಿದ ಕಟು ಮಾತು. ಆದರೆ ಜಗಳ ಆದದ್ದು ಲೆಕ್ಕದ ಮೇಲೆ, ಬಡವನ ತಟ್ಟೆಯ ಮೇಲೆ.

ಇದೇ ಲೋಹಿಯಾ 1951ರಲ್ಲಿ ಸಾಗರದ ಕಾಗೋಡಿಗೆ ಬಂದು ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದವರು. ಆ ಹೋರಾಟದ ನಾಯಕ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ವಿಧಾನಸಭೆಗೆ ಗೆದ್ದು ಬಂದರು. ಆಗಿನ ಹಳ್ಳಿಗಳಲ್ಲಿ ಜಮೀನಿನ ಒಡೆಯರು ಗೇಣಿದಾರರನ್ನು, ಅವರು ಎಷ್ಟೇ ವಯಸ್ಸಾದವರಿರಲಿ, ಕರೆಯುತ್ತಿದ್ದದ್ದು ಏಕವಚನದಲ್ಲೇ. ಅಂಥ ಮನೆಗಳಿಂದ ಬಂದವರಿಗೆ ಸದನದ "ಮಾನ್ಯ ಸದಸ್ಯರು" ಅನ್ನುವ ಮಾತು ಸುಮ್ನೆ ಶಿಷ್ಟಾಚಾರವಾಗಿರಲು ಸಾಧ್ಯವೇ ಇಲ್ಲ. ಅದಕ್ಕೇ ಏಕವಚನದ ಬಗ್ಗೆ ಇಷ್ಟೊಂದು ಸಿಟ್ಟು ಯಾಕೆ ಅಂತ ಯಾರಾದರೂ ಕೇಳಿದರೆ ನನಗೆ ಬೇಸರವಾಗುತ್ತದೆ.

ಇನ್ನು ಕಡತದ ವಿಷಯ. ಅವಮಾನಕರ, ಅಸಭ್ಯ ಮಾತನ್ನು ದಾಖಲೆಯಿಂದ ತೆಗೆಸುವ ಅಧಿಕಾರವನ್ನು ಲೋಕಸಭೆಯ 380ನೇ ನಿಯಮ ಸ್ಪೀಕರ್‌ಗೆ ಕೊಡುತ್ತದೆ. ಮೊದಲು ಇದಕ್ಕೆ ಬೆಲೆಯಿತ್ತು. ಬಿಹಾರ ವಿಧಾನಸಭೆ ಕಡತದಿಂದ ತೆಗೆದ ಮಾತನ್ನು ಪಟ್ನಾದ 'ಸರ್ಚ್‌ಲೈಟ್' ಪತ್ರಿಕೆ ಅಚ್ಚು ಹಾಕಿದ್ದ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟ್ ಸದನದ ಹಕ್ಕನ್ನೇ ಎತ್ತಿಹಿಡಿಯಿತು. ತೆಗೆದ ಮಾತು ನಿಜವಾಗಿಯೂ ಮಾಯವಾಗುತ್ತಿತ್ತು. 2006ರಲ್ಲಿ ಲೋಕಸಭಾ ಟಿವಿ ಬಂತು, ಆಮೇಲೆ ಮೊಬೈಲ್. 2023ರ ಸೆಪ್ಟೆಂಬರ್‌ನಲ್ಲಿ ರಮೇಶ್ ಬಿಧೂರಿ ಇನ್ನೊಬ್ಬ ಸಂಸದ ಡ್ಯಾನಿಶ್ ಅಲಿ ಅವರನ್ನು ಧರ್ಮ ಹಿಡಿದು ನಿಂದಿಸಿದಾಗ ಆ ಮಾತನ್ನೂ ಕಡತದಿಂದ ತೆಗೆದರು. ಅಷ್ಟರಲ್ಲಿ ವಿಡಿಯೋ ದೇಶವಿಡೀ ಓಡಾಡಿತ್ತು.

ಇನ್ನೊಂದು ತೊಂದರೆಯೂ ಇದೆ. ಲೋಕಸಭೆ ಸಚಿವಾಲಯ 2022ರಲ್ಲಿ ಹಂಚಿದ ಅಸಂಸದೀಯ ಪದಗಳ ಪಟ್ಟಿಯಲ್ಲಿ ಜುಮ್ಲಾಜೀವಿ (ಪೊಳ್ಳು ಭರವಸೆಯಲ್ಲೇ ಬದುಕುವವರು) ಅನ್ನುವುದರ ಜೊತೆಗೆ ಭ್ರಷ್ಟ, ಅಸಮರ್ಥ ಅನ್ನುವ ಅರ್ಥದ ಪದಗಳೂ ಇದ್ದವು. ಯಾವ ಪದವನ್ನೂ ನಿಷೇಧಿಸಿಲ್ಲ ಅಂತ ಸ್ಪೀಕರ್ ಓಂ ಬಿರ್ಲಾ ಸ್ಪಷ್ಟನೆ ಕೊಟ್ಟರು, ಸರಿ. ಆದರೂ ಸರ್ಕಾರವನ್ನು ಭ್ರಷ್ಟ ಅನ್ನುವುದಕ್ಕೇ ಅಂಜಬೇಕಾದರೆ ವಿರೋಧ ಪಕ್ಷ ಇನ್ನೇನು ಹೇಳಬೇಕು? ಕಟು ಟೀಕೆ ಬೇರೆ, ಮನುಷ್ಯನನ್ನು ಹೀನಾಯ ಮಾಡುವುದು ಬೇರೆ ಅಲ್ವಾ?

ನಮ್ಮಲ್ಲಂತೂ ಜಗಳ ಮಾತನ್ನೂ ದಾಟಿ ಕೈಗೆ ಬಂದಿದೆ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಕಾಂಗ್ರೆಸ್ ಸದಸ್ಯರು ಉಪಸಭಾಪತಿ ಧರ್ಮೇಗೌಡರನ್ನು ಪೀಠದಿಂದಲೇ ಎಳೆದರು. 2023ರ ಜುಲೈನಲ್ಲಿ ಬಿಜೆಪಿ ಶಾಸಕರು ಉಪಸಭಾಧ್ಯಕ್ಷರ ಮೇಲೆ ಕಾಗದ ಎಸೆದರು, 10 ಜನ ಅಮಾನತಾದರು. 2025ರ ಮಾರ್ಚ್ 21ರಂದು ಸ್ಪೀಕರ್ ಖಾದರ್ ಅವರ ಮೇಲೆ ಮತ್ತೆ ಕಾಗದ, ಈ ಸಲ 18 ಜನ 6 ತಿಂಗಳು ಹೊರಗೆ. ಎರಡೇ ತಿಂಗಳಿಗೆ ಆ ಅಮಾನತನ್ನು ವಾಪಸ್ ಪಡೆದರು. ಮಾರ್ಚ್ 21ರಂದು ಟಿವಿಯಲ್ಲಿ ಕಂಡದ್ದು ಹಾರುವ ಕಾಗದದ ಚೂರುಗಳು. ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಅದೇ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಪಾಸಾಯಿತು.