ಸಿಟೌಟ್ ಮುಚ್ಚುವ ಮುಂಚೆ ಮಾಡಿನ ಕಡೆ ನೋಡಿ

ಮಂಗಳೂರು, ಉಡುಪಿಯಲ್ಲಿ ಸಿಟೌಟನ್ನು, ಅಂದರೆ ಮನೆ ಎದುರಿನ ತೆರೆದ ಜಗಲಿಯನ್ನು, ಒಂದಿಷ್ಟು ಮುಂದಕ್ಕೆ ಎಳೆದು, ಅಲ್ಯೂಮಿನಿಯಂ ಕಿಟಕಿ ಕೂರಿಸಿ ರೂಮು ಮಾಡಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಮಳೆ ಎರಚಲು ತಪ್ಪುತ್ತದೆ, ಮಕ್ಕಳಿಗೆ ಓದಲು ಒಂದು ಜಾಗವೂ ಆಗುತ್ತದೆ. ತಪ್ಪೇನಿಲ್ಲ. ಆದರೆ ಚರ್ಚೆಯೆಲ್ಲ ಟೈಲ್ಸ್ ಬಣ್ಣದ ಮೇಲೆಯೇ ನಡೆಯುತ್ತದೆ. ಲೈಸೆನ್ಸ್ ಮತ್ತು ಮಾಡಿನ, ಅಂದರೆ ಚಾವಣಿಯ, ಮಾತು ಬರುವಾಗ ದುಡ್ಡು ಮುಗಿದಿರುತ್ತದೆ.

"ಶೀಟ್ ಅಲ್ವಾ ಸರ್, ಅದಕ್ಕೆಂಥ ಪರ್ಮಿಷನ್?" ಎಂದು ಕೇಳುವವರಿದ್ದಾರೆ. ಮೇಲಿರುವುದು ಶೀಟೇ ಇರಬಹುದು. ಸುತ್ತ ಗೋಡೆ, ಕಿಟಕಿ ಬಂದ ಮೇಲೆ ಅದು ರೂಮು, ಜಾಗದ ಅಳತೆಗೆ ಎಷ್ಟು ಕಟ್ಟಬಹುದು ಎನ್ನುವ ಎಫ್‌ಎಆರ್ ಲೆಕ್ಕಕ್ಕೂ ಸೇರುತ್ತದೆ. ಪಾಲಿಕೆಯೋ ನಗರಸಭೆಯೋ ಪಂಚಾಯತೋ, ನಿಮ್ಮ ಜಾಗ ಯಾರ ವ್ಯಾಪ್ತಿಯಲ್ಲಿದೆಯೋ ಅವರ ಅನುಮತಿ ಬೇಕು. ಮುಖ್ಯವಾಗಿ ನೋಡುವುದು ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಖಾಲಿ ಬಿಡಬೇಕಾದ ಜಾಗ. ಜಾಗದ ಅಳತೆ, ಎದುರಿನ ರಸ್ತೆಯ ಅಗಲ, ವಲಯ, ಇವುಗಳ ಮೇಲೆ ಅದು ಬದಲಾಗುತ್ತದೆ. ಹಾಗಾಗಿ ಪಕ್ಕದವರು ಬಿಟ್ಟಷ್ಟೇ ನಾವೂ ಬಿಟ್ಟರೆ ಸಾಕು ಎನ್ನುವ ಲೆಕ್ಕ ನಡೆಯುವುದಿಲ್ಲ. ಮನೆ ಮಾರುವಾಗ ಅಥವಾ ಬ್ಯಾಂಕ್ ಸಾಲಕ್ಕೆ ಹೋದಾಗ ಮಂಜೂರಾದ ನಕ್ಷೆಯಲ್ಲಿ ಇಲ್ಲದ ರೂಮು ತಲೆನೋವು ತರುತ್ತದೆ.

ಹೊಳೆ ಬದಿಯವರು ಇನ್ನೊಂದು ವಿಷಯ ನೋಡಬೇಕು. ಕಟ್ಟುವುದಕ್ಕೆ ನಿರ್ಬಂಧ ಇರುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂದರೆ ಕಡಲತೀರ ಮಾತ್ರ ಅಲ್ಲ. ಉಬ್ಬರದ ನೀರು ಏರುವ ಹೊಳೆಗಳಿಗೂ ಅದು ಅನ್ವಯಿಸುತ್ತದೆ. 2019ರ ಅಧಿಸೂಚನೆ ಪ್ರಕಾರ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ಆ ವಲಯಕ್ಕೆ ಸೇರುತ್ತದೆ.

ಇನ್ನು ಸೆಕೆ. ತೆರೆದ ಜಗಲಿ ಒಳಗಿನ ಗೋಡೆಗೆ ನೆರಳು, ಗಾಳಿ ಎರಡನ್ನೂ ಕೊಡುತ್ತಿತ್ತು. ಮುಚ್ಚಿದಿರೋ, ಅಲ್ಲೇ ಬಿಸಿ ಕೂಡಿ ಮನೆಯೊಳಗಿನ ಚಾವಡಿಗೆ ನುಗ್ಗುತ್ತದೆ. ಮನೆಗಳ ಇಂಧನ ಉಳಿತಾಯಕ್ಕೆಂದೇ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತಾ ಎಂಬ ನಿಯಮಾವಳಿ ಮಾಡಿನ ಯು-ವ್ಯಾಲ್ಯೂ 1.2 ಮೀರಬಾರದು ಎನ್ನುತ್ತದೆ. ಬಿಸಿ ಎಷ್ಟು ಬೇಗ ದಾಟುತ್ತದೆ ಎನ್ನುವ ಅಳತೆ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಬರೀ ಆರ್‌ಸಿಸಿ ಸ್ಲ್ಯಾಬಿನದು ಹೆಚ್ಚುಕಡಿಮೆ ಮೂರು ಪಟ್ಟು. 2018ರ ಆ ಸಂಹಿತೆ ಬಂದದ್ದು 500 ಚದರ ಮೀಟರ್, ಅಂದರೆ ಹನ್ನೆರಡು ಸೆಂಟ್ಸ್ ದಾಟಿದ ಜಾಗಗಳಿಗೆ. ಐದು ಸೆಂಟ್ಸಿನ ಮನೆಗೆ ಬಿಸಿಲೇನೂ ರಿಯಾಯಿತಿ ಕೊಡುವುದಿಲ್ಲವಲ್ಲ, ಆ ಅಂಕಿಯನ್ನೇ ಗುರಿಯಾಗಿಟ್ಟುಕೊಳ್ಳಿ.

ಶೀಟಿನ ಅಡಿಗೆ ಹೊಳೆಯುವ ಫಾಯಿಲ್ ಹಾಕಿಸುವವರು ಅದರ ಹೊಳೆಯುವ ಮುಖದ ಎದುರು ಕನಿಷ್ಠ ಒಂದು ಇಂಚು ಗಾಳಿಗೆ ಜಾಗ ಬಿಡಿಸಬೇಕು. ಎರಡೂ ಕಡೆ ಅಂಟಿಕೊಂಡು ಕೂತ ಫಾಯಿಲ್‌ನಿಂದ ಪ್ರಯೋಜನ ಇಲ್ಲ. ಗಾಜಿನ ಎಳೆಗಳ ಹತ್ತಿಯಂಥ ಗ್ಲಾಸ್‌ವುಲ್ ನಮ್ಮ ಊರಿಗೆ ನಾನು ಹೇಳುವುದಿಲ್ಲ. ಒಮ್ಮೆ ಪಸೆ ಹಿಡಿದರೆ ಮಳೆಗಾಲ ಪೂರ್ತಿ ಒಣಗದು, ಒದ್ದೆಯಾದದ್ದು ಬಿಸಿ ತಡೆಯದು. ಎರಡು ತಗಡಿನ ನಡುವೆ ಫೋಮ್ ಇರುವ ಪಫ್ ಪ್ಯಾನೆಲ್ ಪರವಾಗಿಲ್ಲ, ಕತ್ತರಿಸಿದ ಅಂಚನ್ನು ಸೀಲ್ ಮಾಡಿಸಿ. ನನ್ನ ಓಟು ಮಾತ್ರ ಹಳೆಯದಕ್ಕೇ: ಮೇಲೆ ಹೆಂಚು, ಕೆಳಗೆ ಸೀಲಿಂಗ್ ಹೆಂಚು, ನಡುವೆ ಗಾಳಿ. 1865ರಿಂದ ಹೆಂಚು ಸುಡುತ್ತಾ ಬಂದ ಊರಿನಲ್ಲಿ ಅದನ್ನು ಬಿಟ್ಟು ಬರೀ ತಗಡು ಹೊದಿಸಿ, ಆಮೇಲೆ ಎಸಿ ಹುಡುಕುವುದು ನನಗಂತೂ ಅರ್ಥವಾಗಿಲ್ಲ.

ಸೋರುವುದು ಹೆಚ್ಚಾಗಿ ಹೊಸ ಮಾಡು ಹಳೆ ಗೋಡೆಗೆ ಸೇರುವಲ್ಲಿ. ಮೇಸ್ತ್ರಿ ಅಲ್ಲಿ ಸಿಮೆಂಟ್ ಮೆತ್ತಿ ಹೋಗುತ್ತಾರೆ. ಬಿಸಿಲಿಗೆ ಶೀಟ್ ಹಿಗ್ಗುತ್ತದೆ, ಕುಗ್ಗುತ್ತದೆ, ಸಿಮೆಂಟ್ ಬಿರಿಯುತ್ತದೆ. ಕೆಂಪುಕಲ್ಲು ನೀರು ಹೀರಿ ಒಳಗಿನ ಪೇಂಟ್ ಉಬ್ಬುತ್ತದೆ. ಗೋಡೆಯಲ್ಲಿ ಒಂದಿಂಚು ಆಳದ ಗೀರು ಕೊರೆದು, ತಗಡಿನ ಪಟ್ಟಿಯ ಮೇಲಂಚನ್ನು ಅದರೊಳಗೆ ಮಡಚಿ ಕೂರಿಸಿ, ಸೀಲೆಂಟ್ ತುಂಬಬೇಕು. ಪಟ್ಟಿಯ ಕೆಳಗಿನ ಅಂಚು ಶೀಟಿನ ಮೇಲೆ ಸುಮ್ನೆ ಕೂತಿರಲಿ, ಸ್ಕ್ರೂ ಹೊಡೆಸಬೇಡಿ.

ಗದ್ದೆ ತುಂಬಿಸಿದ ಜಾಗವಾದರೆ ಹೊಸ ಗೋಡೆಯನ್ನು ಹಳೆಯದಕ್ಕೆ ಕಟ್ಟಿಹಾಕಬೇಡಿ, ನಡುವೆ ಜಾಯಿಂಟ್ ಬಿಡಿ. ಹೊಸದು ಒಂಚೂರು ಕೆಳಕ್ಕೆ ಕೂರುತ್ತದೆ. ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದಂಬೆಯ ನೀರು ನಿಮ್ಮ ಕಂಪೌಂಡಿನೊಳಗೇ ಬೀಳಲಿ. ಮೇ ತಿಂಗಳಲ್ಲೇ ಪೈಪ್ ಹಿಡಿದು ಮಾಡು ಗೋಡೆಗೆ ಸೇರುವ ಜಾಗಕ್ಕೆ ಅರ್ಧ ಗಂಟೆ ನೀರು ಬಿಟ್ಟು ನೋಡಿ, ಪೇಂಟರನ್ನು ಆಮೇಲೆ ಕರೆಸಿ.