ಎರಡು ಮತ್ತು ಮೂರರ ಅದಲುಬದಲು

ಯಲಹಂಕದಾಚೆ ನನ್ನ ಸೋದರಮಾವನ ತೋಟದಲ್ಲಿ ಬೂದು ಬಣ್ಣದ ಹಳೆಯ ಫರ್ಗ್ಯುಸನ್ ಟ್ರ್ಯಾಕ್ಟರ್ ಒಂದಿದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಟಿಇ20 ಮಾದರಿಯದು, ಪೆಟ್ರೋಲಿನಲ್ಲಿ ಓಡುವಂಥದು. ಈಗಿನ ನಮ್ಮ ಟ್ರ್ಯಾಕ್ಟರುಗಳು ಬಹುಮಟ್ಟಿಗೆ ಡೀಸೆಲ್‌ನವು. ಅವುಗಳಲ್ಲಿ ಗಾಳಿಯೇ ಒತ್ತಡಕ್ಕೆ ಸಿಕ್ಕಿ ಕಾದು ಇಂಧನವನ್ನು ಹೊತ್ತಿಸುವುದರಿಂದ ಸ್ಪಾರ್ಕ್ ಪ್ಲಗ್ಗಿನ ಗೊಡವೆಯಿಲ್ಲ. ಹಾಗಾಗಿ ಪ್ಲಗ್ಗಿನ ತಂತಿಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ತಿಳಿವಳಿಕೆ ಟ್ರ್ಯಾಕ್ಟರ್ ರಿಪೇರಿ ಮಾಡುವವರಲ್ಲೂ ಕಡಿಮೆಯಾಗುತ್ತಿದೆ.

ಕಳೆದ ಮಳೆಗಾಲದಲ್ಲಿ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿರುಕುಬಿಟ್ಟಿತೆಂದು ಮಾವ ಹೊಸದನ್ನು ಹಾಕಿಸಿದರು. ಆಮೇಲೆ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಆದರೆ ನಡುಗುತ್ತಿತ್ತು. ನೇಗಿಲು ಹೂಡಿದರೆ ಎಳೆಯುತ್ತಿರಲಿಲ್ಲ, ಆಗಾಗ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಿಂದ ಪಟ್ಟೆಂದು ಸಿಡಿಯುತ್ತಿತ್ತು. ಗ್ಯಾರೇಜಿನವರು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ನಾಲ್ಕು ಹೊಸ ಪ್ಲಗ್ ತಂದರು, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಒದಗಿಸುವ ಕಾಯಿಲ್ ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಯಾವುದರಿಂದಲೂ ಗುಣ ಕಾಣಲಿಲ್ಲ. ಪ್ಲಗ್ಗುಗಳನ್ನು ಹೊರತೆಗೆದು ಎಂಜಿನ್ನಿನ ಲೋಹದ ಮೈಗೆ ತಾಗಿಸಿ ನೋಡಿದರೆ ನಾಲ್ಕರಲ್ಲೂ ಕಿಡಿ ಬರುತ್ತಿತ್ತು.

ಈ ಪರೀಕ್ಷೆಯನ್ನು ಪೂರ್ತಿ ನಂಬಲಾಗದು. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರವನ್ನು ಕಿಡಿ ದಾಟಲು ಸುಮಾರು 3,000 ವೋಲ್ಟ್ ಸಾಕು, ಮತ್ತು ಇಂಥ ಎಂಜಿನ್ನಿನ ಪ್ಲಗ್ಗಿನ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಆದರೆ ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಸುಮಾರು ಆರನೇ ಒಂದು ಪಾಲು ಜಾಗಕ್ಕೆ ಅದುಮಿರುತ್ತದೆ. ಅಣುಗಳು ಅಷ್ಟು ಒತ್ತೊತ್ತಾಗಿರುವಾಗ ಅದೇ ಕಿಡಿಗೆ ಹಲವು ಪಟ್ಟು ಹೆಚ್ಚು ವೋಲ್ಟ್ ಬೇಕಾಗುತ್ತದೆ. ಹೊರಗೆ ಚೆನ್ನಾಗಿ ಮಿಂಚುವ ಪ್ಲಗ್ ಒಳಗೆ ಸತ್ತಿರಬಹುದು. ಅದಕ್ಕಿಂತ ಮುಖ್ಯವಾಗಿ, ಕಿಡಿ ಇದೆ ಎಂಬುದನ್ನಷ್ಟೇ ಈ ಪರೀಕ್ಷೆ ಹೇಳುತ್ತದೆ, ಅದು ಸರಿಯಾದ ಹೊತ್ತಿಗೆ ಬಂತೇ ಎಂಬುದನ್ನು ಹೇಳುವುದಿಲ್ಲ. ನಮ್ಮ ಟ್ರ್ಯಾಕ್ಟರಿನ ಕಾಯಿಲೆ ಇದ್ದದ್ದು ಆ ಹೊತ್ತಿನಲ್ಲಿಯೇ.

ನಾಲ್ಕು ಸಿಲಿಂಡರಿನ ಇಂಥ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಆಕಾರದಿಂದಾಗಿ 1 ಮತ್ತು 4ನೇ ಪಿಸ್ಟನ್‌ಗಳು ಒಟ್ಟಿಗೆ ಮೇಲೇರುತ್ತವೆ, 2 ಮತ್ತು 3ನೆಯವು ಆಗ ಕೆಳಗಿರುತ್ತವೆ. ಪ್ರತಿ ಸಿಲಿಂಡರಿಗೂ ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ ಕಿಡಿ ಬೇಕು; ನಾಲ್ಕಕ್ಕೆ ಹಂಚಿದರೆ ಅರ್ಧ ಸುತ್ತಿಗೊಂದರಂತೆ, ನಿಮಿಷಕ್ಕೆ 1,500 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 50 ಕಿಡಿಗಳು. ಒಂದನೆಯದು ಉರಿದ ಅರ್ಧ ಸುತ್ತಿನ ಬಳಿಕ ಮೇಲೆ ಬಂದಿರುವುದು 2 ಮತ್ತು 3 ಮಾತ್ರ. ಆದ್ದರಿಂದ ಉರಿಯುವ ಕ್ರಮ ಒಂದೋ 1-3-4-2, ಇಲ್ಲವೇ 1-2-4-3. ಬೇರೆ ದಾರಿಯೇ ಇಲ್ಲ. ಫರ್ಗ್ಯುಸನ್‌ನದು ಮೊದಲನೆಯದು, ಅಮೆರಿಕದ ಫೋರ್ಡ್ 8ಎನ್ ಟ್ರ್ಯಾಕ್ಟರಿನದು ಎರಡನೆಯದು.

ಈ ಎರಡು ಕ್ರಮಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ನನಗೆ ಬಹಳ ಸಂತೋಷವಾಯಿತು: ಒಂದನ್ನು ಹಿಂದಿನಿಂದ ಓದಿದರೆ ಇನ್ನೊಂದಾಗುತ್ತದೆ. ಅಂದರೆ ಮುಚ್ಚಳದ ಸುತ್ತ 1-3-4-2 ಎಂದು ಸರಿಯಾಗಿಯೇ ಎಣಿಸುತ್ತ, ಆದರೆ ಒಂದೊಂದೇ ತಂತಿಗೆ ವಿದ್ಯುತ್ ಮುಟ್ಟಿಸುವ ಒಳಗಿನ ರೋಟರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಂತಿ ಸಿಕ್ಕಿಸಿದರೆ, ಎಂಜಿನ್ನಿಗೆ ಸಿಗುವುದು 1-2-4-3. ಆಗ 1 ಮತ್ತು 4ಕ್ಕೆ ಕಿಡಿ ಸರಿಯಾದ ಹೊತ್ತಿಗೇ ಬರುತ್ತದೆ. 2 ಮತ್ತು 3ಕ್ಕೆ ಮಾತ್ರ ಪೂರ್ತಿ ಒಂದು ಸುತ್ತು ತಪ್ಪಿ, ಹೊಗೆ ಹೊರಹೋಗಿ ಹೊಸ ಮಿಶ್ರಣ ಒಳಬರಲು ಕವಾಟ ತೆರೆಯುವ ಹೊತ್ತಿಗೆ ಬರುತ್ತದೆ. ಕಾರ್ಬುರೇಟರಿನ ಸಿಡಿತಕ್ಕೆ ಕಾರಣ ಇದು. 1 ಮತ್ತು 4ರ ನಡುವಿನ ಅಂತರ ಸಮನಾಗಿ ಒಂದೊಂದು ಸುತ್ತು ಇರುವುದರಿಂದ ಎಂಜಿನ್ ನಿಲ್ಲದೆ, ಅರ್ಧ ಬಲದಲ್ಲಿ, ಓಡುತ್ತಲೇ ಇರುತ್ತದೆ. ಪೂರ್ತಿ ಕೆಟ್ಟು ನಿಂತಿದ್ದರೆ ತಂತಿಗಳ ಮೇಲೆ ಬೇಗ ಅನುಮಾನ ಬರುತ್ತಿತ್ತು.

ಹುಡುಕುವ ವಿಧಾನ ಸರಳ. ಎಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿ ತೆಗೆದು ಎಂಜಿನ್ನಿನ ಮೈಗೆ ಭದ್ರವಾಗಿ ತಾಗಿಸಿಟ್ಟು, ಮತ್ತೆ ಸ್ಟಾರ್ಟ್ ಮಾಡಿ ಕಿವಿಗೊಟ್ಟೆವು. ಓಡುವ ಎಂಜಿನ್ನಿನಲ್ಲಿ ಬರಿಗೈಯಿಂದ ತಂತಿ ಕೀಳುವ ಅಭ್ಯಾಸ ಕೆಲವರಿಗಿದೆ. ಹತ್ತಾರು ಸಾವಿರ ವೋಲ್ಟಿನ ಹೊಡೆತ ಬೀಳುವುದರಿಂದ ದಯವಿಟ್ಟು ಹಾಗೆ ಮಾಡಬೇಡಿ. 1 ಅಥವಾ 4ನ್ನು ಕಳಚಿದಾಗ ಎಂಜಿನ್ ನಿಲ್ಲುವಂತಾಯಿತು, 2 ಮತ್ತು 3ನ್ನು ಕಳಚಿದಾಗ ಏನೂ ವ್ಯತ್ಯಾಸವಾಗಲಿಲ್ಲ.

ಅನಂತರ ಇಗ್ನಿಷನ್ ಆರಿಸಿ ನಾಲ್ಕೂ ಪ್ಲಗ್ ಬಿಚ್ಚಿದೆವು. ರೇಡಿಯೇಟರಿನ ಕಡೆಯ ಒಂದನೇ ಸಿಲಿಂಡರಿನ ತೂತಿಗೆ ನಾನು ಹೆಬ್ಬೆರಳು ಒತ್ತಿ ಹಿಡಿದೆ, ಮಾವ ಮುಂದಿನ ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿದರು. ಗಾಳಿ ಬೆರಳನ್ನು ತಳ್ಳಿದರೆ ಅದು ಅದುಮುವ ಹೊಡೆತ. ಪಿಸ್ಟನ್ ಮೇಲ್ತುದಿಗೆ ಬಂದಾಗ ರೋಟರ್ ಮುಚ್ಚಳದಲ್ಲಿ ತಂತಿ ಸಿಕ್ಕಿಸುವ ಯಾವ ಗೂಡಿಗೆ ಎದುರಾಗಿದೆಯೋ ಅದು ಒಂದನೆಯದು. ಅಲ್ಲಿಂದ ಅರ್ಧ ಸುತ್ತು ತಿರುಗಿಸಿ, 2 ಮತ್ತು 3ರಲ್ಲಿ ಯಾವುದು ಬೆರಳನ್ನು ತಳ್ಳುತ್ತದೆಂದು ನೋಡಿದರೆ ಕ್ರಮ ಗೊತ್ತಾಯಿತು, ರೋಟರ್ ಹೊರಳಿದ ಕಡೆ ನೋಡಿದರೆ ದಿಕ್ಕು ಗೊತ್ತಾಯಿತು. ಕೈಪಿಡಿ ಇಲ್ಲದ ಎಂಜಿನ್ನಾದರೂ ಈ ಎರಡು ಸಂಗತಿಗಳನ್ನು ತಾನೇ ತೋರಿಸಿಕೊಡುತ್ತದೆ. ಬೆರಳನ್ನು ತಳ್ಳಿದ್ದು ಮೂರನೆಯದು. ಆದರೆ ರೋಟರಿನ ಎದುರಿನ ಗೂಡಿನಲ್ಲಿದ್ದ ತಂತಿ ಎರಡನೆಯ ಪ್ಲಗ್ಗಿಗೆ ಹೋಗುತ್ತಿತ್ತು.

ತಂತಿಯ ಕ್ರಮ ಸರಿಯಿದ್ದೂ ಎಂಜಿನ್ ತಪ್ಪುವುದುಂಟು. ಮುಚ್ಚಳದೊಳಗೆ ತೇವ ಕುಳಿತರೆ, ಇಲ್ಲವೇ ಸಣ್ಣ ಬಿರುಕಿನುದ್ದಕ್ಕೂ ಮಸಿಯ ಗೆರೆ ಮೂಡಿದರೆ, ಕಿಡಿ ಪಕ್ಕದ ಗೂಡಿಗೆ ಜಾರುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಸೋರುವ ತಂತಿಗಳ ಮೇಲೆ ನೀಲಿ ಮಿಣುಕು ಕಾಣುತ್ತದೆ. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿದ ಊರು ನಮ್ಮದು. ಇಲ್ಲಿ ಇಷ್ಟು ತಿಳಿದವರು ಇನ್ನೂ ಬೇಕಾದಷ್ಟಿರಬೇಕೆಂಬುದು ನನ್ನ ಆಸೆ.

ಎರಡು ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಎಂಜಿನ್ನಿನ ನಡುಕ ನಿಂತಿತು. ಮಾವ ಒಂದನೇ ಗೂಡಿನ ಪಕ್ಕ ಬಿಳಿ ಬಣ್ಣದ ಚುಕ್ಕೆ ಇಟ್ಟು, ಮುಚ್ಚಳದ ಮೇಲೆ ರೋಟರ್ ತಿರುಗುವ ಕಡೆಗೆ ಒಂದು ಬಾಣ ಬರೆದರು.